ಎದುರಂಗಡಿಯ ಕೈಗುಣ

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಬೆರಳು ಮಾಸ್ತರ ಎಂದೇ ಕರೆಯುತ್ತಿದ್ದರು. ಅವನದು ಎರಡು ಕುರ್ಚಿಯ, ಗೋಡೆಯುದ್ದ ಕನ್ನಡಿಯ ಒಂದು ಸಲೂನು. ಇಪ್ಪತ್ತೆಂಟು ವರ್ಷದಿಂದ ಅದೇ ಜಾಗ. ಕತ್ತರಿ ಕೆಲಸದಲ್ಲಿ ಅವನೇನೂ ಅಸಾಮಾನ್ಯನಲ್ಲ. ಕಿವಿಯ ಹಿಂದೆ ಒಂದಿಷ್ಟು ಕೂದಲು ಉಳಿಸುವುದು ಅವನ ಹಳೆಯ ಚಾಳಿ. ಆದರೂ ಜನ ಬೇರೆಲ್ಲಿಗೂ ಹೋಗುತ್ತಿರಲಿಲ್ಲ. ಕತ್ತರಿ ಕೆಳಗಿಟ್ಟ ಮೇಲೆ ಹತ್ತು ನಿಮಿಷ ಅವನು ತಲೆ ಒತ್ತುತ್ತಿದ್ದ. ಹಣೆಯ ಎರಡು ಬದಿಯಿಂದ ಹೊರಟ ಬೆರಳುಗಳು ನೆತ್ತಿ ಹತ್ತಿ, ಕಿವಿಯ ಹಿಂದಿನಿಂದ ಇಳಿದು, ಕುತ್ತಿಗೆಯ ಬುಡದಲ್ಲಿ ಸುತ್ತುತ್ತಿದ್ದವು. ಕೊನೆಗೆ ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುವಿ ‘ಲಟಕ್’ ಎನಿಸಿದರೆ ಅಲ್ಲಿಗೆ ಮುಗಿಯಿತು. ಕುರ್ಚಿಯಲ್ಲಿದ್ದವನು ಕಣ್ಣು ಬಿಟ್ಟು, “ಮಾಸ್ತರೇ, ನಾನೀಗ ಎಲ್ಲಿದ್ದೀನಿ?” ಎಂದು ಕೇಳಬೇಕು. ಆ ಒಂದು ಮಾತಿಗಾಗಿ ಅವನು ಊಟ ಬಿಡಲೂ ತಯಾರಿದ್ದ.

ಎದುರುಗಡೆ ಕೊಡೆ ರಿಪೇರಿಯವನು ಅಂಗಡಿ ಖಾಲಿ ಮಾಡಿದ. ಒಂದು ವಾರ ಒಳಗೆ ಸುಣ್ಣಬಣ್ಣ ನಡೆಯಿತು. ಬಾಗಿಲಿಗೆ ನೀಲಿ ಪರದೆ ಬಂತು. ಆಮೇಲೆ ‘ಮಸಾಜ್ ಚಿಕಿತ್ಸೆ, ಡಿಪ್ಲೊಮಾ ಪಡೆದವರಿಂದ’ ಎಂಬ ಬೋರ್ಡು ಬಂತು. ಬೋರ್ಡಿನ ಹಿಂದೆಯೇ ಮೂವತ್ತರ ಆಸುಪಾಸಿನ, ತೋಳು ಮಡಿಚಿದ ಬಿಳಿ ಅಂಗಿಯ ಒಬ್ಬ ಹೆಂಗಸು ಬಂದಳು.

ಮಾಸ್ತರ ಮನಸಾರೆ ನಕ್ಕ. “ಮೈ ಒತ್ತೋದನ್ನೂ ಕಾಲೇಜಿನಲ್ಲಿ ಕಲಿಸ್ತಾರಂತೆ. ನೋಡೋಣ, ಎಷ್ಟು ದಿನ ನಡೆಯುತ್ತೆ!”

ತಿಂಗಳೊಳಗೆ ಅವನ ನಗು ಬಾಡಿತು.

ಮೊದಲು ಆ ಪರದೆ ದಾಟಿದವನು ಬಸ್ ಡ್ರೈವರ್. ಹದಿನೈದು ದಿನಕ್ಕೊಮ್ಮೆ ತಪ್ಪದೆ ಮಾಸ್ತರನ ಕುರ್ಚಿಯಲ್ಲಿ ಕೂರುತ್ತಿದ್ದ ಆಸಾಮಿ. ಮಾಸ್ತರ ಯಾರದೋ ಗಡ್ಡಕ್ಕೆ ಸೋಪು ಹಚ್ಚುತ್ತ ಕನ್ನಡಿಯಲ್ಲಿ ನೋಡಿದ. ಅಂಗಡಿಯೇ ಹಾಗಿತ್ತು, ಗಿರಾಕಿಯ ಮುಖದ ಪಕ್ಕದಲ್ಲೇ ಎದುರಿನ ಬಾಗಿಲು ಕಾಣುತ್ತಿತ್ತು, ಬೋರ್ಡಿನ ಅಕ್ಷರ ಉಲ್ಟಾ ಆಗಿ. ಡ್ರೈವರ್ ಸೊಂಟ ಹಿಡಿದುಕೊಂಡು ಒಳಗೆ ಹೋದ. ಮುಕ್ಕಾಲು ಗಂಟೆಯ ನಂತರ ಸೊಂಟ ಬಿಟ್ಟು ಹೊರಗೆ ಬಂದ. ಮಾಸ್ತರನ ಕ್ಷೌರದ ಕತ್ತಿ ಜಾರಿತು. ಅಷ್ಟರಲ್ಲಿ ಕುರ್ಚಿಗೆ ಬಂದಿದ್ದ ಮುಂದಿನ ಗಿರಾಕಿಯ ಗಲ್ಲದಲ್ಲಿ ರಕ್ತದ ಸಣ್ಣ ಗೆರೆ ಮೂಡಿತು.

ಮರುದಿನ ಡ್ರೈವರನ್ನು ಬೀದಿಯಲ್ಲೇ ಹಿಡಿದು ಕೇಳಿದ. “ಏನಪ್ಪಾ, ಒಳಗೆ ಏನು ಮಾಡಿದಳು?”

“ಮೊದಲು ಬರೀ ಪ್ರಶ್ನೆ ಮಾಸ್ತರೇ. ಎಷ್ಟು ಗಂಟೆ ಕೂರ್ತೀರಿ, ಕ್ಲಚ್ ಯಾವ ಕಾಲು, ಕಾಲು ಜೋಮು ಹಿಡಿಯುತ್ತಾ, ಯಾವ ಮಗ್ಗುಲಲ್ಲಿ ಮಲಗ್ತೀರಿ. ನಾನು ಸೊಂಟ ನೋವು ಅಂದ್ರೆ ಅವಳು ತೊಡೆ ಒತ್ತಿದಳು. ಹುಚ್ಚಿ ಅಂದ್ಕೊಂಡೆ. ಆದ್ರೆ ಎದ್ದು ನಿಂತ್ರೆ ಸೊಂಟ ಹಗುರ!”

“ತೊಡೆ ಒತ್ತಿದ್ರೆ ಸೊಂಟ ಹಗುರ ಆಗುತ್ತಾ? ನಿನ್ನ ತಲೆ!”

“ಅದೇ ನನಗೂ ಅರ್ಥವಾಗಿಲ್ಲ. ಮುಂದಿನ ವಾರ ಮತ್ತೆ ಹೋಗ್ತೀನಿ, ಕೇಳ್ಕೊಂಡು ಬರ್ತೀನಿ” ಎಂದು ಡ್ರೈವರ್ ಹೊರಟ. ಅವನ ನಡಿಗೆ ಸಲೀಸಾಗಿದ್ದುದನ್ನೂ ಮಾಸ್ತರನಿಗೆ ಸಹಿಸಲಾಗಲಿಲ್ಲ.

ಆಮೇಲೆ ಲೆಕ್ಕ ತಪ್ಪುವಷ್ಟು ಜನ ಹೋಗತೊಡಗಿದರು. ಮನೆಮನೆಗೆ ಅಂಚೆ ಹಂಚುವ, ಏಳು ತಿಂಗಳ ಬಸುರಿ ಪೋಸ್ಟಮ್ಮ ವೈದ್ಯರ ಒಪ್ಪಿಗೆ ಚೀಟಿ ಹಿಡಿದು ಹೋದಳು. ಅವಳನ್ನು ದಿಂಬುಗಳ ನಡುವೆ ಮಗ್ಗುಲಾಗಿ ಮಲಗಿಸಿ ಬೆನ್ನು ನೀವಿದಳಂತೆ. ಪೋಸ್ಟಮ್ಮ ಅಲ್ಲೇ ಗೊರಕೆ ಹೊಡೆದಳಂತೆ. ಓಟದ ಪಂದ್ಯದ ಹುಡುಗಿಯೊಬ್ಬಳು ಮೀನಖಂಡ ಹಿಡಿದುಕೊಂಡು ಹೋದಳು. ಹೆಂಡತಿ ಸತ್ತ ಮೇಲೆ ನಿದ್ದೆಯೇ ಬಾರದ ನಿವೃತ್ತ ಮೇಷ್ಟ್ರು ಹೋಗಿ ಬಂದು, “ಒಂದೂವರೆ ವರ್ಷದಿಂದ ನನ್ನನ್ನ ಯಾರೂ ಮುಟ್ಟಿರಲಿಲ್ಲ ಕಣಯ್ಯ, ಕೈ ಕುಲುಕಿದ್ದು ಬಿಟ್ರೆ” ಎಂದು ಮಾಸ್ತರನ ಎದುರೇ ಹೇಳಿದರು. ‘ತಿಂಗಳಿಗೊಮ್ಮೆ ನಿಮ್ಮ ತಲೆ ಒತ್ತಿದ್ದು ಯಾರು ಹಾಗಾದ್ರೆ?’ ಎಂದು ಕೇಳುವ ಬದಲು ಅವನು ಕತ್ತರಿಯನ್ನು ಒರೆಸತೊಡಗಿದ.

ಎದುರಂಗಡಿಯವಳ ಬೋಣಿಗೆಯ ಗಿರಾಕಿ ಯಾರು, ಕೊನೆಯವನು ಯಾರು, ಪರದೆ ಒಗೆದದ್ದು ಯಾವ ದಿನ, ಎಲ್ಲವೂ ಅವನಿಗೆ ಬಾಯಿಪಾಠ. ಅವಳೋ ಪ್ರತಿದಿನ ಬಾಗಿಲು ತೆಗೆಯುವಾಗ ಅವನತ್ತ ನೋಡಿ ತಲೆ ಬಾಗಿಸಿ ನಗುತ್ತಿದ್ದಳು. ಆ ನಗುವೇ ಅವನಿಗೆ ಗಾಯಕ್ಕೆ ಉಪ್ಪು.

ಒಂದು ಬೆಳಗ್ಗೆ ದರ್ಜಿ ಬಂದ. ಬಾಲ್ಯದ ಗೆಳೆಯ. ದಿನವಿಡೀ ಹೊಲಿಗೆ ಯಂತ್ರದ ಮೇಲೆ ಬಗ್ಗಿ ಬಗ್ಗಿ ಅವನ ಕತ್ತು ಮುಂದಕ್ಕೆ ಚಾಚಿಕೊಂಡೇ ಇರುತ್ತಿತ್ತು. ಕೂದಲು ಕತ್ತರಿಸಿ ಆದ ಮೇಲೆ ಅವನೆಂದ: “ಇವತ್ತು ಕುತ್ತಿಗೆ ಬೇಡ ಬಿಡು. ನಾಳೆ ಎದುರುಗಡೆ ಹೋಗೋಣ ಅಂತಿದೀನಿ.”

“ನೀನೂನಾ?”

“ನೋವು ಜಾಸ್ತಿಯಾಗಿದೆ ಮಾರಾಯ. ಎಲ್ಲರೂ ಹೇಳ್ತಾರೆ ಅಂತ...”

“ಎಲ್ಲರೂ ಹೇಳ್ತಾರೆ! ನಲವತ್ತು ವರ್ಷದ ಗೆಳೆಯನ ಕೈ ಬೇಡ, ಮೂರು ತಿಂಗಳ ಹಿಂದೆ ಬಂದವಳ ಕೈ ಬೇಕು. ಕೂತ್ಕೋ ಸುಮ್ಮನೆ!”

ಮಾಸ್ತರ ಹೆಗಲು ಒತ್ತಿದ. ಕುತ್ತಿಗೆ ಒತ್ತಿದ. ಎಂದಿಗಿಂತ ಜೋರಾಗಿ, ಹಲ್ಲು ಕಚ್ಚಿ. ಗಡ್ಡಕ್ಕೆ ಒಂದು ಕೈ, ತಲೆಯ ಹಿಂದಕ್ಕೆ ಒಂದು ಕೈ ಕೊಟ್ಟು ತಿರುವಿದ. ಸದ್ದು ಬರಲಿಲ್ಲ. ಸದ್ದು ಬಾರದೆ ಬಿಡುವ ಮನಸ್ಸೂ ಬರಲಿಲ್ಲ. ಮತ್ತೊಮ್ಮೆ ತಿರುವಿದ. ಈ ಸಲ ಬಂದದ್ದು ‘ಲಟಕ್’ ಅಲ್ಲ, ಒದ್ದೆ ಕೋಲು ಮುರಿದ ಹಾಗೆ ಏನೋ. ದರ್ಜಿಯ ಮುಖ ಬಿಳಿಚಿತು.

“ಸಾಕು” ಎಂದ ಅವನು ಮೆಲ್ಲಗೆ. “ಬಲಗೈ ಯಾಕೋ ಜುಮುಗುಡ್ತಿದೆ.”

“ರಕ್ತ ಹರೀತಿದೆ, ಅಷ್ಟೇ” ಎಂದ ಮಾಸ್ತರ. ದರ್ಜಿ ಹೋದ ಮೇಲೆ ಅವನು ಕುರ್ಚಿಯ ಸುತ್ತ ಬಿದ್ದ ಕೂದಲನ್ನು ಎರಡೆರಡು ಸಲ ಗುಡಿಸಿದ.

ಮರುದಿನ ದರ್ಜಿಗೆ ಸೂಜಿ ಹಿಡಿಯಲಾಗಲಿಲ್ಲ. ಎದುರಂಗಡಿಗೆ ಹೋದ. ಐದೇ ನಿಮಿಷಕ್ಕೆ ಹೊರಗೆ ಬಂದ. ಕನ್ನಡಿಯಲ್ಲಿ ಅದನ್ನು ಕಂಡು ಮಾಸ್ತರನಿಗೆ ಒಳಗೊಳಗೇ ಖುಷಿ: ಇವಳ ಕೈಲೂ ಆಗಲಿಲ್ಲ! ಆಮೇಲೆ ಗೊತ್ತಾಯಿತು. ಅವಳು ದರ್ಜಿಯ ಕುತ್ತಿಗೆಗೆ ಕೈಯನ್ನೇ ಹಚ್ಚಿರಲಿಲ್ಲ. ಬೆರಳು ಜೋಮು ಅಂದ ತಕ್ಷಣ, “ಇದಕ್ಕೆ ನನ್ನ ಕೈ ಅಲ್ಲ, ಡಾಕ್ಟರು ಬೇಕು, ಇವತ್ತೇ ಹೋಗಿ” ಎಂದು ಚೀಟಿ ಬರೆದು, ತಾನೇ ರಿಕ್ಷಾ ಹತ್ತಿಸಿ ಕಳಿಸಿದ್ದಳು. ಕುತ್ತಿಗೆಯ ನರವೊಂದು ಒತ್ತಿಕೊಂಡಿದೆ, ಕೊರಳಪಟ್ಟಿ ಕಟ್ಟಿಕೊಂಡು ಮೂರು ವಾರ ಕೆಲಸ ಬಿಡಬೇಕು ಎಂದರಂತೆ ಆಸ್ಪತ್ರೆಯಲ್ಲಿ. ಹೇಗಾಯಿತು ಎಂದು ಕೇಳಿದವರಿಗೆಲ್ಲ ದರ್ಜಿ ಹೇಳಿದ್ದು ಒಂದೇ ಮಾತು: “ದಿಂಬು ಸರಿ ಇರಲಿಲ್ಲ.”

ಬೈದಿದ್ದರೆ ಮಾಸ್ತರನಿಗೆ ಹಗುರಾಗುತ್ತಿತ್ತು.

ಆ ವಾರದಲ್ಲೇ ಇನ್ನೊಂದು ನಡೆಯಿತು. ಗುರುವಾರ ಸಂಜೆ ನಾಲ್ಕರ ಹೊತ್ತು, ಬ್ಯಾಂಕಿನ ಗುಮಾಸ್ತನ ಮುಖದ ಅರ್ಧ ಭಾಗ ಬೋಳಿಸಿ ಆಗಿತ್ತು. ಕನ್ನಡಿಯಲ್ಲಿ ಒಂದು ಬೂದು ಬಣ್ಣದ ಶಾಲು ಬೀದಿ ದಾಟಿತು. ಹೆಗಲಿಗೆ ಕಂದು ಚೀಲ. ಚೀಲದ ಹಿಡಿಕೆಗೆ ಹೊಲಿದ ಕಪ್ಪು ದಾರ ಮಾಸ್ತರನದೇ ಕೈಕೆಲಸ. ಆಸ್ಪತ್ರೆಯ ಲಾಂಡ್ರಿಯಲ್ಲಿ ಐದರ ತನಕ ಹಾಸಿಗೆ ಬಟ್ಟೆ ಮಡಿಸುತ್ತಿರಬೇಕಾದ ಅವನ ಹೆಂಡತಿ, ಅತ್ತಿತ್ತ ನೋಡಿ, ನೀಲಿ ಪರದೆಯೊಳಗೆ ಮಾಯವಾದಳು.

ಮಾಸ್ತರ ಹೆಗಲ ಮೇಲಿನ ಟವೆಲಿನೊಂದಿಗೇ ಬೀದಿ ದಾಟಿದ. ಮುಂದಿನ ಕೋಣೆಯಲ್ಲಿ ಯಾರೂ ಇರಲಿಲ್ಲ. ಎರಡು ಬೆತ್ತದ ಕುರ್ಚಿ, ನೀರಿನ ಹೂಜಿ, ಮಡಿಸಿಟ್ಟ ಟವೆಲುಗಳು. ಒಳಬಾಗಿಲ ಹಿಂದಿನಿಂದ ಮಾತು ಕೇಳುತ್ತಿತ್ತು.

“ಇಲ್ಲಿ ನೋಯುತ್ತಾ ಅಕ್ಕ?”

“ಹ್ಞೂಂ... ಅಲ್ಲೇ. ಅಯ್ಯೋ, ಅಲ್ಲೇ ಕಣಮ್ಮ. ಎಷ್ಟು ಸರಿಯಾಗಿ ಸಿಕ್ತು ನಿನ್ನ ಕೈಗೆ!”

ಆಮೇಲೆ ಅವಳು ನಕ್ಕಳು. ಮದುವೆಯಾದ ಹೊಸದರಲ್ಲಿ ಕೇಳಿದ್ದ ನಗು. ಅದು ಇನ್ನೂ ಅವಳ ಹತ್ತಿರ ಇದೆಯೆಂದೇ ಅವನಿಗೆ ಗೊತ್ತಿರಲಿಲ್ಲ. ಮಾಸ್ತರ ಬಾಗಿಲು ತಟ್ಟಲೆಂದು ಎತ್ತಿದ ಕೈಯನ್ನು ಇಳಿಸಿದ. ಹಿಂದಿನಿಂದ ಯಾರೋ ಕೂಗಿದರು. ಗುಮಾಸ್ತ, ಅರ್ಧ ಮುಖ ಸೋಪು ಹೊತ್ತು ರಸ್ತೆ ಮಧ್ಯೆ ನಿಂತಿದ್ದ. “ಮಾಸ್ತರೇ, ನನ್ನನ್ನ ಹೀಗೇ ಬಿಟ್ಬಿಡ್ತೀರಾ?”

ಸಂಜೆ ಅವಳು ಮನೆಗೆ ಬಂದು ಚಹಾಕ್ಕೆ ನೀರಿಟ್ಟಾಗ ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತ.

“ಎಷ್ಟು ದಿನದಿಂದ ಹೋಗ್ತಿದೀಯ?”

ಅವಳು ಬೆಚ್ಚಲಿಲ್ಲ. “ಇವತ್ತಿಗೆ ಆರು ಗುರುವಾರ. ಹಿಂದಿನ ಬಾಗಿಲಿಂದ ಹೋಗ್ತಿದ್ದೆ, ಇವತ್ತು ಅದಕ್ಕೆ ಬೀಗ ಹಾಕಿತ್ತು.”

“ಇಡೀ ಬೀದಿ ನಗೋ ಹಾಗೆ! ಬೆರಳು ಮಾಸ್ತರನ ಹೆಂಡತಿನೇ ಎದುರಂಗಡಿಗೆ ಹೋಗೋದಾ?”

“ಏನ್ರೀ, ಆ ಲೋಟ ಈ ಕೆಳಗಿನ ಗೂಡಿಗೆ ಯಾವಾಗ ಬಂತು, ನೋಡಿದೀರಾ?”

ಅವನು ನೋಡಿದ. ಲೋಟ, ತಟ್ಟೆ, ಸಕ್ಕರೆ ಡಬ್ಬಿ, ಎಲ್ಲವೂ ಸೊಂಟದ ಎತ್ತರದ ಗೂಡಿನಲ್ಲಿದ್ದವು. ಮೇಲಿನ ಗೂಡು ಖಾಲಿ. ಮನೆ ಒಪ್ಪ ಮಾಡಿದ್ದಾಳೆ ಎಂದುಕೊಂಡಿದ್ದ.

“ಎಂಟು ತಿಂಗಳಾಯ್ತು, ಬಲಗೈ ಹೆಗಲಿನಿಂದ ಮೇಲೆ ಏಳಲ್ಲ. ಮಗ್ಗುಲಾದ್ರೆ ಎಚ್ಚರ ಆಗುತ್ತೆ. ತಲೆ ಬಾಚೋದು ಎಡಗೈಲಿ. ಲಾಂಡ್ರಿಯಲ್ಲಿ ಚಾದರ ಕೊಡವೋಕಾಗದೆ ಮಡಿಸೋ ಮೇಜಿಗೆ ಹಾಕಿಸ್ಕೊಂಡೆ.”

“ನನಗೆ ಹೇಳೋಕೇನಾಗಿತ್ತು?”

“ಹೇಳಿದ್ದೆ. ಸ್ವಲ್ಪ ಹೆಗಲು ಒತ್ತಿ ಅಂದೆ. ‘ದಿನವಿಡೀ ಅದೇ ಕೆಲಸ ಮಾಡಿ ಬಂದಿದೀನಿ, ಮನೆಗೂ ಅದನ್ನೇ ತರಬೇಡ’ ಅಂದ್ರಿ. ಪೇಪರ್ ಓದ್ತಿದ್ರಿ.”

ಅವನಿಗೆ ಆ ದಿನ ನೆನಪಾಗಲಿಲ್ಲ. ಅಂಥ ದಿನಗಳು ಬೇಕಾದಷ್ಟು ಇದ್ದವು. ಏನಾದರೂ ಹೇಳಬೇಕೆಂದು, ತಿಂಗಳುಗಟ್ಟಲೆ ಒಳಗೇ ಕುದಿಯುತ್ತಿದ್ದ ಪ್ರಶ್ನೆಯನ್ನೇ ಕೇಳಿಬಿಟ್ಟ. “ಅವಳ ಕೈ ನನ್ನ ಕೈಗಿಂತ ಅಷ್ಟು ಚೆನ್ನಾಗಿದೆಯಾ?”

ಹೆಂಡತಿ ಚಹಾ ಸೋಸುತ್ತಿದ್ದವಳು ಅವನತ್ತ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ನಿಮ್ಮ ಕೈ ಹೇಗಿದೆ ಅಂತ ನನಗೇನು ಗೊತ್ತು?”

ಎರಡು ದಿನ ಅವನು ಕೂದಲು ಕತ್ತರಿಸಿದ, ಆದರೆ ಯಾರ ತಲೆಯನ್ನೂ ಒತ್ತಲಿಲ್ಲ. ಮೂರನೆಯ ಬೆಳಗ್ಗೆ ಮೊದಲು ದರ್ಜಿಯ ಮನೆಗೆ ಹೋದ. ಕೊರಳಪಟ್ಟಿ ಕಟ್ಟಿ ಕೂತಿದ್ದ ಗೆಳೆಯನ ಎದುರು ನಿಂತು, “ದಿಂಬಲ್ಲ, ನಾನು” ಎಂದ. “ಹೊಟ್ಟೆಕಿಚ್ಚು ಕಣೋ. ಬೇರೇನೂ ಅಲ್ಲ.”

“ಗೊತ್ತು. ಕುತ್ತಿಗೆ ನಂದಲ್ವಾ?” ಎಂದ ದರ್ಜಿ. “ಕೂತ್ಕೋ. ಮೊಮ್ಮಗಳ ಅಂಗಿಗೆ ಗುಂಡಿ ಹಾಕು, ನನ್ನ ಕೈಲಿ ಆಗ್ತಿಲ್ಲ.” ಮಾಸ್ತರ ಕೂತು ಐದು ಗುಂಡಿ ಹಾಕಿದ. ಎಲ್ಲವೂ ಸೊಟ್ಟ. ದರ್ಜಿ ಆಗ ನಿಜಕ್ಕೂ ಬೈದ.

ಅಲ್ಲಿಂದ ನೇರ ಎದುರಂಗಡಿಗೆ. ಅವಳು ಮೇಜು ಒರೆಸುತ್ತಿದ್ದಳು.

“ನಿಮ್ಮ ಜೊತೆ ಜಗಳಕ್ಕೆ ಬಂದಿಲ್ಲ” ಎಂದ ಅವನು. “ದರ್ಜಿಯ ಕುತ್ತಿಗೆ ತಿರುವಿದ್ದು ನಾನೇ.”

“ಅಂದ್ಕೊಂಡೆ. ನಿಮ್ಮ ಅಂಗಡಿ ಲಟಕ್ ಸದ್ದು ಇಲ್ಲಿಗೂ ಕೇಳುತ್ತೆ ಮಾಸ್ತರೇ. ನಿಮ್ಮ ತಲೆ ಮಸಾಜನ್ನು ಎಲ್ಲರೂ ಹೊಗಳ್ತಾರೆ. ಆದ್ರೆ ದಯವಿಟ್ಟು ಕುತ್ತಿಗೆ ತಿರುವೋದು ಬಿಟ್ಬಿಡಿ.”

“ಬಿಟ್ಟಾಯ್ತು.” ಅವನು ಗೋಡೆ ನೋಡಿದ. “ನನ್ನ ಹೆಂಡತಿ ಹೆಗಲಿಗೆ ನೀವು ಏನು ಮಾಡ್ತೀರೋ ಅದನ್ನ ನನಗೆ ತೋರಿಸ್ಬೇಕು.”

“ಅವರನ್ನ ಕೇಳ್ತೀನಿ. ಅವರು ಹ್ಞೂಂ ಅಂದ್ರೆ ಬನ್ನಿ.”

ತನ್ನ ಹೆಂಡತಿಯ ಹೆಗಲು ಮುಟ್ಟಲು ಪರಸ್ಥಳದವಳ ಕೈಲಿ ಅಪ್ಪಣೆ ಕೇಳಿಸಬೇಕಾಯಿತಲ್ಲ ಎಂದು ಅವನ ಮೈ ಉರಿಯಿತು. ಹೆಂಡತಿ ಒಪ್ಪಲು ಒಂದು ವಾರ ತೆಗೆದುಕೊಂಡದ್ದು ಇನ್ನೂ ಉರಿಸಿತು.

ಅವಳು ಒಪ್ಪಿದ ಮೇಲಿನ ಗುರುವಾರ ಅವನು ಮೇಜಿನ ಪಕ್ಕ ಮೊದಲ ದಿನದ ವಿದ್ಯಾರ್ಥಿಯ ಹಾಗೆ ನಿಂತ. ಹೆಂಡತಿ ಕೂತಿದ್ದಳು, ಹೆಗಲ ಮೇಲೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲು. ಎದುರಂಗಡಿಯವಳು ಮಾಸ್ತರನ ಕೈ ಹಿಡಿದು ಹೆಂಡತಿಯ ಹೆಗಲ ಮೂಳೆಯ ಕೆಳಗೆ ಇಟ್ಟಳು. “ಒತ್ತಬೇಡಿ. ಸುಮ್ಮನೆ ಇಡಿ. ಅದು ತಾನಾಗಿ ಸಡಿಲ ಆಗೋವರೆಗೆ ಕಾಯಿರಿ.”

“ಎಷ್ಟು ಹೊತ್ತು?”

“ಅವರು ಉಸಿರು ಬಿಡೋವರೆಗೆ.”

ಇಪ್ಪತ್ತೆಂಟು ವರ್ಷದಲ್ಲಿ ಅವನ ಬೆರಳುಗಳು ಸುಮ್ಮನೆ ಕಾದದ್ದೇ ಇರಲಿಲ್ಲ. ಬೆರಳ ಕೆಳಗೆ ನೆಲ್ಲಿಕಾಯಿಯಷ್ಟು ಗಟ್ಟಿ ಗಂಟು. ಹೆಂಡತಿ ಉಸಿರು ಹಿಡಿದಿದ್ದಳು. ಬಹಳ ಹೊತ್ತಿನ ಮೇಲೆ ಬಿಟ್ಟಳು. ಗಂಟು ಕೂದಲೆಳೆಯಷ್ಟು ಸರಿಯಿತು. ಅವನಿಗೆ ಕಣ್ಣು ಮಂಜಾಯಿತು. ಟವೆಲಿನ ಹಬೆ ಎಂದ.

“ಬೇಗ ಗುಣ ಆಗಲ್ಲ” ಎಂದು ಎದುರಂಗಡಿಯವಳು ಮುಚ್ಚುಮರೆಯಿಲ್ಲದೆ ಹೇಳಿದಳು. “ಇವರ ಆಸ್ಪತ್ರೆಯ ಡಾಕ್ಟರು ಹೇಳಿದ ವ್ಯಾಯಾಮ ದಿನಾ ಮಾಡ್ಬೇಕು. ಮಸಾಜಿನಿಂದ ನೋವು ಕಮ್ಮಿ ಆಗುತ್ತೆ, ನಿದ್ದೆ ಬರುತ್ತೆ. ಕೈ ಪೂರ್ತಿ ಏಳೋಕೆ ವರ್ಷವೂ ಹಿಡೀಬಹುದು.”

ಅಂದಿನಿಂದ ದಿನಾ ಸಂಜೆ ಚಹಾ ಆದ ಮೇಲೆ ಕಾಲು ಗಂಟೆ ಬಿಸಿ ಟವೆಲು, ಆಮೇಲೆ ಅವನ ಕೈ. ಮೊದಲ ದಿನಗಳಲ್ಲಿ ಆಸೆ ತಡೆಯದೆ ಕೇಳುತ್ತಿದ್ದ: “ಹೇಗಿದೆ? ಅವಳ ಹಾಗಿದೆಯಾ?”

“ಅವಳಷ್ಟಿಲ್ಲ” ಎನ್ನುತ್ತಿದ್ದಳು ಹೆಂಡತಿ, ಕಣ್ಣು ಮುಚ್ಚಿಕೊಂಡೇ. ಗುರುವಾರದ ಭೇಟಿಯನ್ನು ಬಿಡಲೂ ಇಲ್ಲ. ಗುರುವಾರ ಬಂತೆಂದರೆ ಮಾಸ್ತರನ ಮುಖ ಈಗಲೂ ಗಂಟಿಕ್ಕುತ್ತದೆ. ಅಂದು ಗಡ್ಡ ಮಾಡಿಸಿಕೊಳ್ಳದಿರುವುದೇ ಕ್ಷೇಮ ಎಂದು ಗಿರಾಕಿಗಳೂ ಕಲಿತಿದ್ದಾರೆ.

ಆದರೆ ಆ ಕಾಲು ಗಂಟೆಯಲ್ಲಿ ಅವಳು ಮಾತಾಡತೊಡಗಿದ್ದಳು. ಲಾಂಡ್ರಿಯ ಹಬೆ, ಮೇಲ್ವಿಚಾರಕಿಯ ಬಾಯಿ, ರೋಗಿಗಳ ದಿಂಬಿನ ಚೀಲದಲ್ಲಿ ಸಿಗುವ ಕನ್ನಡಕ, ಪತ್ರ, ಒಮ್ಮೆ ಒಂದು ಹಲ್ಲಿನ ಸೆಟ್ಟು. ಇಷ್ಟು ವರ್ಷ ಇವಳು ಇಷ್ಟೆಲ್ಲ ಎಲ್ಲಿ ಇಟ್ಟುಕೊಂಡಿದ್ದಳು ಎಂದು ಅವನು ಬೆರಗಾಗಿ ಕೇಳುತ್ತಿದ್ದ.

ಮೂರನೆಯ ತಿಂಗಳಲ್ಲೊಂದು ಸಂಜೆ ಅವಳ ಕೈ ಕಿವಿಯ ಮಟ್ಟಕ್ಕೆ ಎದ್ದಿತು. ಅವಳು ಖುಷಿಯಲ್ಲಿದ್ದಳು. “ಒದ್ದೆ ಬಟ್ಟೆ ಬುಟ್ಟಿ ಎತ್ತೋದು ಮಾತ್ರ ಇನ್ನೂ ಬೇಡ ಅಂತಾರೆ ಡಾಕ್ಟರು. ಪಾಪ, ಬಾಯ್ಲರಿನವನು ದಿನಾ ಬಂದು ತಾನೇ ಎತ್ತಿಕೊಡ್ತಾನೆ. ಹಾಡು ಹೇಳ್ಕೊಂಡು ಬರ್ತಾನೆ.”

ಮಾಸ್ತರನ ಕೈ ನಿಂತಿತು. “ಯಾವ ಬಾಯ್ಲರಿನವನು?”

“ಅಲ್ಲೇ ಕೆಲಸ ಮಾಡೋನು.”

“ವಯಸ್ಸೆಷ್ಟು?”

“ಕೈ ನಿಲ್ಲಿಸ್ಬೇಡಿ” ಎಂದಳು ಅವಳು.

“ಹಾಡ್ತಾನಾ?”

ಅವಳು ಹೆಗಲು ಕುಣಿಯುವಂತೆ ನಕ್ಕಳು, ಆ ಹಳೆಯ ನಗುವನ್ನೇ.