ಪಾದ್ರಿಯ ದನಿ ನುಂಗಿದ ಸ್ಪೀಕರ್

ವಿಲ್ಫ್ರಿದೊ ಮಾವ ತೀರಿಕೊಂಡಾಗ ಅವನ ಆತ್ಮಕ್ಕಾಗಿ ಒಂಬತ್ತು ಸಂಜೆ ಜಪಮಾಲೆ ನಡೆಸಬೇಕಿತ್ತು. ಬರಾಂಕಿಯಾದ ನಮ್ಮ ಓಣಿಯಲ್ಲಿ ಪ್ರಾರ್ಥನೆ ಹೇಳಿಸುತ್ತಿದ್ದ ಮುದುಕಿಗೆ ಆ ವಾರವೇ ಗಂಟಲು ಕಟ್ಟಬೇಕೆ? ಮಾವನ ಕಂಪ್ಯೂಟರಿನಲ್ಲಿ ಯಾರಾದರೂ ಪಾದ್ರಿ ಹೇಳಿದ ಜಪ ಹಾಕಿಬಿಡೋಣ ಎಂದಳು ಅವನ ಹೆಂಡತಿ ನೇಲಿದಾ ಅತ್ತೆ. ಮಾವನ ತಂಗಿ, ಅಂದರೆ ನನ್ನ ಅಮ್ಮ ರುಬಿಯೇಲಾ, ಮುಖ ಸಿಂಡರಿಸಿಕೊಂಡೇ ಒಪ್ಪಿದಳು. ಅಣ್ಣ ಸತ್ತಾಗಿನಿಂದ ಅವಳು ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಎಲ್ಲರ ತಪ್ಪು ಹುಡುಕುವುದರಲ್ಲಿ ಅಳಲು ಪುರುಸೊತ್ತೆಲ್ಲಿ!

ಮೊದಲ ಸಂಜೆ ಬಂದವರೆಲ್ಲ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು ತಲೆ ತಗ್ಗಿಸಿದರು. ನಾನು ಕಂಪ್ಯೂಟರಿಗೆ ಜೋಡಿಸಿದ್ದ ಮಾವನ ಹಳೆಯ ಸ್ಪೀಕರಿನಲ್ಲಿ ಜಪ ಹಾಕಿದೆ. ಹಿನ್ನೆಲೆಯ ಪಿಟೀಲು ಚೆನ್ನಾಗಿ ಕೇಳಿತು. ಪಾದ್ರಿ ಮಾತ್ರ ಬಾವಿಯ ತಳದಲ್ಲಿ ಗೊಣಗಿದ ಹಾಗೆ ಗೊಣಗಿ ಮಾಯವಾದರು.

"ಇದು ನಮ್ಮಣ್ಣಂದೇ ಕೆಲ್ಸ," ಅಂದಳು ಅಮ್ಮ. "ಬದುಕಿದ್ದಾಗ್ಲೂ ಒಬ್ಬ ಪಾದ್ರಿಗೆ ಮಾತು ಮುಗ್ಸೋಕೆ ಬಿಟ್ಟೋನಲ್ಲ."

ಮಾವನ ಡಾಮಿನೊ ಆಟದ ಜೊತೆಗಾರ ಎಲಿಯೇಸರ್ ಎದ್ದು ಸ್ಪೀಕರಿನ ನೆತ್ತಿಗೆ ಎರಡು ಬಿಟ್ಟ.

"ದೊನ್ ಎಲಿಯೇಸರ್, ಅದು ಕತ್ತೆ ಅಲ್ಲ!" ಅತ್ತೆ ಕೂಗಿದಳು.

"ಕತ್ತೆ ಆಗಿದ್ರೆ ಇಷ್ಟೊತ್ತಿಗೆ ಹೊರಡ್ತಿತ್ತು, ತಂಗಿ."

ನಾನು ಕಂಪ್ಯೂಟರಿಗೆ ಇಯರ್‌ಫೋನ್ ಸಿಕ್ಕಿಸಿ ನೋಡಿದೆ. ಪಾದ್ರಿ ಗಟ್ಟಿಮುಟ್ಟಾಗಿದ್ದರು. ಅಂದರೆ ದೋಷ ಸ್ಪೀಕರಿನದೇ. ಪರೀಕ್ಷೆಗೆಂದು ಮಾವನ ಹಾಡೊಂದನ್ನು ಹಾಕಿದರೆ ಅಕಾರ್ಡಿಯನ್ ಮೊಳಗಿತು, ಹಾಡುಗಾರ ಪತ್ತೆಯಿಲ್ಲ.

"ಸದ್ಯ, ದೆವ್ವದ ಕಾಟ ಅಲ್ಲ. ಅವ್ರ ದೆವ್ವ ಆಗಿದ್ರೆ ಹಾಡನ್ನಾದ್ರೂ ಬಿಡ್ತಿತ್ತು," ಎಂದಳು ಅತ್ತೆ. "ಇದನ್ನ ಗುಜರಿಗೆ ಹಾಕು, ನಾಳೆ ಹೊಸದು ತರ್ತೀನಿ."

"ಜಪ ಮುಗಿಯೋ ಮುಂಚೆ ನಮ್ಮಣ್ಣನ ಸಾಮಾನು ಆಚೆ ಹೋದ್ರೆ ನೋಡು, ಅತ್ತಿಗೆ!"

"ಅವ್ರಿದ್ದಾಗ ಒಂದಿನ ಫೋನ್ ಮಾಡ್ದೋಳಲ್ಲ, ಈಗ ಡಬ್ಬಕ್ಕೆ ಕಾವಲು ಕೂತ್ಲು!"

ಇವರ ಜಗಳದ ನಡುವೆ ಅಕಾರ್ಡಿಯನ್ ನುಡಿಯುತ್ತಲೇ ಇತ್ತು. ಎಲಿಯೇಸರ್ ಹಾಡತೊಡಗಿದ, ಶ್ರುತಿಗೂ ಅವನಿಗೂ ಸಂಬಂಧವೇ ಇಲ್ಲದಂತೆ. ಪಕ್ಕದ ಮನೆಯವಳು ದನಿಗೂಡಿಸಿದಳು.

ಮರುದಿನದಿಂದ ಅದೇ ಪದ್ಧತಿಯಾಯಿತು. ಎಲಿಯೇಸರ್ ಡಾಮಿನೊ ಕಾಯಿ ಕುಟ್ಟುವವನ ಹಾಗೆ ಜಪದ ಮಾತುಗಳನ್ನು ಒದರಿ ಮುಗಿಸುತ್ತಿದ್ದ, ಆಮೇಲೆ ಹಾಡು. ಮಾವನ ಮುಖವನ್ನೇ ನೋಡದವರು ಅಂಗಿಯೊಳಗೆ ರಮ್ ಬಾಟಲಿ ಅಡಗಿಸಿಕೊಂಡು ದುಃಖಿಸಲು ಬಂದರು. ಅಮ್ಮ ಮಾತ್ರ ಕೈ ಕಟ್ಟಿಕೊಂಡು ಮೂಲೆಯಲ್ಲಿ ಕೂತಿರುತ್ತಿದ್ದಳು.

ಒಂದು ಸಂಜೆ, ಮಾವ ಸ್ನಾನ ಮಾಡುವಾಗ ಹಾಡುತ್ತಿದ್ದ ಹಾಡು ಬಂತು. ಎರಡನೇ ಚರಣ ಎಲಿಯೇಸರ್‌ಗೆ ಮರೆತುಹೋಯಿತು. ಮೂಲೆಯಿಂದ ಅಮ್ಮ ಎತ್ತಿಕೊಂಡಳು. ಎರಡು ಸಾಲು ಹಾಡುವಷ್ಟರಲ್ಲಿ ಗೊಳೋ ಎಂದು ಅತ್ತುಬಿಟ್ಟಳು. ಅತ್ತೆ ಓಡಿಬಂದು ತಬ್ಬಿಕೊಂಡಳು, ತನ್ನ ಲಂಗದ ಅಂಚಿನಿಂದಲೇ ಅವಳ ಮೂಗು ಒರೆಸಿದಳು.

ಕೊನೆಯ ಸಂಜೆ ಹೂವಿಡಲು ಮೇಜು ಸರಿಸಿದಾಗ ಸ್ಪೀಕರಿನ ಬೆನ್ನು ಕಂಡಿತು. ಮೊದಲ ದಿನ ಮಾವನ ಪಟ, ಮೇಣದಬತ್ತಿ ಇಡುವ ಬಲಿಪೀಠಕ್ಕೆ ಜಾಗ ಮಾಡಲು ಅದನ್ನು ಗೋಡೆಗೆ ಒತ್ತಿದ್ದೆವು, ಆಗ ತಂತಿಯ ಪಿನ್ನು ಅರ್ಧ ಹೊರಬಂದಿತ್ತು. ಅರ್ಧ ಸಿಕ್ಕಿದ ಪಿನ್ನು ವಾದ್ಯಗಳನ್ನು ಬಿಟ್ಟು ಮನುಷ್ಯರ ದನಿಯನ್ನಷ್ಟೇ ನುಂಗುತ್ತಿತ್ತು. ಒಳಗೆ ತಳ್ಳಿ ಜಪ ಹಾಕಿದೆ.

"ಪಾಪಿಗಳಾದ ನಮಗಾಗಿ ಪ್ರಾರ್ಥಿಸು!" ಎಂದು ಪಾದ್ರಿ ಗುಡುಗಿದ ರಭಸಕ್ಕೆ ಎಲಿಯೇಸರ್‌ಗೆ ಕಾಫಿ ನೆತ್ತಿಗೇರಿತು.

ಜಪ ಮೊದಲ ಬಾರಿಗೆ ಶಿಸ್ತಾಗಿ ನಡೆಯಿತು. ಆಮೇಲೆ ಹಾಡು ಹಾಕಿದೆ. ನಿಜವಾದ ಹಾಡುಗಾರ ಸೊಗಸಾಗಿ ಹಾಡಿದ. ಯಾರೂ ದನಿಗೂಡಿಸಲಿಲ್ಲ. ಆಸ್ಪತ್ರೆಯಲ್ಲಿ ಸರದಿಗೆ ಕಾದವರ ಹಾಗೆ ಕೂತಿದ್ದರು.

ಅಮ್ಮ ಎದ್ದು ಬಂದು, ಸ್ಪೀಕರಿನ ಹಿಂದೆ ಕೈ ಹಾಕಿ, ಪಿನ್ನನ್ನು ಅರ್ಧ ಎಳೆದಳು.

"ಇವನ್ಯಾವನು, ನಮ್ಮ ಮನೆ ದುಃಖದಲ್ಲಿ ಬಾಯಿ ಹಾಕೋಕೆ!"

"ಹಂಗಾದ್ರೆ ಹೊಸದು ಬೇಡ್ವಾ?" ಅತ್ತೆ ಕೇಳಿದಳು.

"ಹೊಸದು ತಂದ್ರೆ ನಾನು ಈ ಮನೆ ಮೆಟ್ಲು ಹತ್ತಲ್ಲ. ಸುಮ್ನೆ ಹಾಡು, ಅತ್ತಿಗೆ."

ಅತ್ತೆ ಹೊಸದು ತರಲಿಲ್ಲ. ಅಮ್ಮ ಈಗ ಶನಿವಾರ ಶನಿವಾರ ಅಲ್ಲಿಗೆ ಹೋಗುತ್ತಾಳೆ. ಯಾರು ಹೆಚ್ಚು ಅಪಸ್ವರ ಹಾಡುತ್ತಾರೆಂದು ಇಬ್ಬರೂ ಜಗಳವಾಡುತ್ತಾರೆ. ತೀರ್ಪು ಹೇಳಲು ನನ್ನನ್ನು ಕರೆಯುತ್ತಾರೆ, ನಾನು ಹೋಗುವುದಿಲ್ಲ.