ಕಿಟಕಿ ಪಕ್ಕದ ಜಾಗ

ಹೊಳೆ ದೋಣಿಕಟ್ಟೆಯ ಮೆಟ್ಟಿಲು ಹತ್ತತೊಡಗಿತೆಂದರೆ ಕೆಳಬೀದಿಯವರು ಗಂಟುಮೂಟೆ ಕಟ್ಟಿ ಮೇಲ್ಬೀದಿಗೆ ಹೊರಡುತ್ತಾರೆ. ಯಾರು ಯಾರ ಮನೆಗೆ ಎಂಬುದು ಅಜ್ಜಿಯರ ಕಾಲದಲ್ಲೇ ಗೊತ್ತಾಗಿಹೋಗಿದೆ. ಕರೆಯುವವರೂ ಇಲ್ಲ, ಕೇಳುವವರೂ ಇಲ್ಲ. ದೋಣಿಯವನ ಹೆಂಡತಿ ಬಟ್ಟೆ ಹೊಲಿಯುವವಳು, ಮನೆಯ ಮುಂದಿನ ಕೋಣೆಯೇ ಅಂಗಡಿ. ಪ್ರತಿ ಸಲ ಮಿಷನ್ ಸಮೇತ ಅವಳು ಹೋಗುತ್ತಿದ್ದುದು ನಾದಿನಿಯ ಮನೆಗೆ.

ಈ ಸಲ ಕಾಲೇ ಏಳಲಿಲ್ಲ. ಹೋದ ತಿಂಗಳು ಹೊಸ ರವಿಕೆ ಬಿಗಿಯಾಯಿತೆಂದು ನಾದಿನಿ ಮುಖ ಸಿಂಡರಿಸಿದಾಗ, "ನನ್ನ ಅಳತೆ ಸರಿಯಾಗೇ ಇದೆ, ಅಳತೆ ಮೀರಿರೋದು ನಿನ್ನ ಮೈ" ಎಂದುಬಿಟ್ಟಿದ್ದಳು. ಅಂಗಡಿಯಲ್ಲಿದ್ದವರು ಗೊಳ್ಳೆಂದು ನಕ್ಕಿದ್ದರು. ರವಿಕೆಯನ್ನು ಮುದ್ದೆ ಮಾಡಿಕೊಂಡು ಹೋದ ನಾದಿನಿ ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಈಗ ಯಾವ ಮುಖ ಇಟ್ಟುಕೊಂಡು ಹೋಗುವುದು?

ಗಂಡ ದೋಣಿ ಕಟ್ಟಲು ಹೋಗಿದ್ದ. ಅವಳೊಬ್ಬಳೇ ಸ್ಟ್ಯಾಂಡಿನಿಂದ ಮಿಷನ್ನಿನ ತಲೆ ಬಿಚ್ಚಿ ಅಟ್ಟಕ್ಕೇರಿಸಲು ನೋಡಿದಳು. ಎದೆಮಟ್ಟಕ್ಕೆ ಬಂದ ಕಬ್ಬಿಣದ ಭಾರ ಅಲ್ಲೇ ನಿಂತಿತು, ಏರಿಸುವಂತಿಲ್ಲ, ಇಳಿಸುವಂತಿಲ್ಲ. ನೀರು ಹೊಸಿಲು ದಾಟಿತ್ತು. ಕೈ ಜಾರಿದರೆ ಅನ್ನ ಕೊಡುವ ಮಿಷನ್ನಿನ ಕಥೆ ಮುಗಿಯಿತು.

"ಈ ಕಡೆ ಹಿಡ್ಕೊಂಡಿದೀನಿ, ಹೆದರ್ಬೇಡ." ನಾದಿನಿ. ಮೊಣಕಾಲವರೆಗೂ ಒದ್ದೆ.

"ನಿಮ್ಮಣ್ಣ ಕಳಿಸಿದ್ರಾ?"

"ಅವನಿಗೆ ದೋಣಿ ಬಿಟ್ರೆ ಹೆಂಡ್ತಿನೂ ಕಾಣಲ್ಲ, ತಂಗಿನೂ ಕಾಣಲ್ಲ. ಬೆಳಗಿಂದ ಬಾಗ್ಲಲ್ಲಿ ನಿಂತು ನಿಂತು ಸಾಕಾಯ್ತು ಅತ್ತಿಗೆ. ನಡಿ, ಅಳತೆ ಮೀರಿರೋ ಮೈ ಭಾರ ಹೊರೋಕಾದ್ರೂ ಆಗ್ಲಿ."

"ನಗಿಸ್ಬೇಡ ಕಣೇ, ಕೈ ಜಾರತ್ತೆ."

ಮೇಲ್ಬೀದಿಯ ನಾದಿನಿಯ ಮನೆಯಲ್ಲಿ ಕಿಟಕಿ ಪಕ್ಕದ ಬೀರು ಆಗಲೇ ಆಚೆ ಸರಿದಿತ್ತು. ಒರೆಸಿದ ನೆಲದಲ್ಲಿ ಮಿಷನ್ನಿನ ಕಾಲುಗಳ ಹಳೆಯ ಗುರುತುಗಳು ಕಾಣುತ್ತಿದ್ದವು. ದೋಣಿ ಕಟ್ಟಿ ಬಂದ ಗಂಡ ಸ್ಟ್ಯಾಂಡು ಹೊತ್ತು ತಂದು ಅದೇ ಗುರುತುಗಳ ಮೇಲೆ ಇಟ್ಟು ಹೋದ.

ತಪ್ಪಾಯಿತು ಎನ್ನಲು ಅವಳು ಬಾಯಿ ತೆರೆದಳು. ಬಂದದ್ದು ಬೇರೆ ಮಾತು. "ಆ ರವಿಕೆ ಎಲ್ಲಿ?"

"ನೆಲ ಒರೆಸೋಕೆ ಹಾಕ್ದೆ."

"ಸುಳ್ಳು. ತಾ ಇಲ್ಲಿ."

ಪೆಟ್ಟಿಗೆಯಿಂದ ಇಸ್ತ್ರಿ ಮಾಡಿದ ರವಿಕೆ ಹೊರಬಂತು. ಅತ್ತಿಗೆ ಪಕ್ಕದ ಹೊಲಿಗೆ ತಿರುವಿ ತೋರಿಸಿದಳು. ಒಳಗೆ, ಬೇಕಾದಾಗ ಸಡಿಲಿಸಲೆಂದು ಬಿಟ್ಟ ಎರಡು ಬೆರಳಗಲ ಬಟ್ಟೆ ಮಡಚಿಕೊಂಡಿತ್ತು.

"ಇಷ್ಟಿತ್ತಾ? ಅವತ್ತೇ ಬಿಚ್ಚೋಕೇನಾಗಿತ್ತು?"

"ನಾಲಿಗೆ ಮುಂದೆ ಓಡ್ತು. ಬೇರೆಯವರಿಗೆ ಒಂದು ಬೆರಳು ಬಿಡ್ತೀನಿ, ನಿಂಗೆ ಯಾವಾಗ್ಲೂ ಎರಡು."

"ಅಂದ್ರೆ ನಾನು ಊದ್ತೀನಿ ಅಂತ ಮೊದ್ಲೇ ಗೊತ್ತಿತ್ತು."

"ಊದು ಬಿಡು. ಮಿಷನ್ ಹೊರೋಕೆ ಬೇಕಲ್ಲ."

ನಾದಿನಿ ನಗುತ್ತಲೇ ಅಳತೆಗೆ ಕೈ ಎತ್ತಿ ನಿಂತಳು. ಕೆಳಗೆ ಹೊಳೆ ತನ್ನ ಪಾಡಿಗೆ ಅಂಗಡಿಯೊಳಗೆ ಓಡಾಡಿಕೊಂಡಿತ್ತು.