ತೈಬೆಗೆ ಅರವತ್ತೊಂಬತ್ತು

ಹೆನಿಯಾ ಕಲ್ಮನೊವಿಚ್ ಕುಂಚ ಹಿಡಿದದ್ದು ಎಪ್ಪತ್ತು ದಾಟಿದ ಮೇಲೆ, ಅದೂ ಚಳಿಗೆ ಹೆದರಿ. ಗಂಡ ಮೆಯೆರ್ ತೀರಿಕೊಂಡ ವರ್ಷ ಮಾಂಟ್ರಿಯಲ್‌ನಲ್ಲಿ ಬಿದ್ದ ಹಿಮಕ್ಕೆ ಲೆಕ್ಕವಿರಲಿಲ್ಲ. ಸಮುದಾಯ ಭವನದ ಇಸ್ಪೀಟು ಕೋಣೆಯ ಹೀಟರ್ ಕೆಟ್ಟು ಕೂತಿತ್ತು. ಬೆಚ್ಚಗಿದ್ದದ್ದು ಪಕ್ಕದ ಚಿತ್ರಕಲೆಯ ಕೋಣೆಯೊಂದೇ, ಹಾಗಾಗಿ ಅಲ್ಲಿ ಹೋಗಿ ಕೂತಳು. ಟೀಚರಮ್ಮ ಮೇಜಿನ ಮೇಲೆ ಸೇಬು ಇಟ್ಟು, ಇದನ್ನು ಬರೆಯಿರಿ ಎಂದಳು. ಎಲ್ಲರೂ ಇಡೀ ಸೇಬು ಬರೆದರೆ ಹೆನಿಯಾ ಕಚ್ಚಿದ ಸೇಬು ಬರೆದಳು.

"ಇದನ್ನ ಯಾರೂ ಕಚ್ಚಿಲ್ವಲ್ಲಾ?" ಎಂದಳು ಟೀಚರಮ್ಮ.

"ಇನ್ನೊಂದು ಹತ್ತು ನಿಮಿಷ ಇಲ್ಲೇ ಇಟ್ಟಿರಿ, ಕಚ್ತೀನಿ" ಎಂದಳು ಹೆನಿಯಾ. "ಸೇಬು ಇರೋದು ತಿನ್ನೋಕೆ."

ಅಂದಿನಿಂದ ಬಿಟ್ಟವಳಲ್ಲ. ಮೂವತ್ತು ವರ್ಷ ಕೋಟು ಹೊಲಿದ ಕಾರ್ಖಾನೆಯ ಯಂತ್ರಗಳನ್ನು ಬರೆದಳು, ಅಡುಗೆಮನೆಯ ಪಾತ್ರೆ ಬರೆದಳು, ರಮ್ಮಿ ಆಡುತ್ತ ಎಲೆ ಕದಿಯುವ ಗೆಳತಿ ಸಾಬಿನಾಳ ಕೈ ಬರೆದು ಬೈಸಿಕೊಂಡಳು. ಹುಡುಗಿಯಾಗಿದ್ದಾಗ ನಾಜಿಗಳು ತನ್ನನ್ನು ಕೂಡಿಹಾಕಿದ್ದ ಶಿಬಿರದ ಮುಳ್ಳುತಂತಿಯನ್ನು ಮಾತ್ರ ಒಮ್ಮೆಯೂ ಬರೆಯಲಿಲ್ಲ. ಯಾರಾದರೂ ಕೇಳಿದರೆ ತೋಳು ಮೇಲೆತ್ತಿ, ಅಲ್ಲಿ ಹಚ್ಚೆ ಹೊಯ್ದ ನಂಬರು ತೋರಿಸುತ್ತಿದ್ದಳು. "ಅವರು ಬರೆದದ್ದು ಇಲ್ಲಿದೆಯಲ್ಲ, ಸಾಲದಾ? ಇನ್ನು ನಾನು ಬರೆಯೋದು ನನಗೆ ಬೇಕಾದ್ದು."

ಹೀಗಿರುವಾಗ ಲಿಯೋನ್ ಗ್ರಾಡ್‌ಶ್ಟೈನ್ ಬಂದ. ಕಸುಬಿನಲ್ಲಿ ಹಲ್ಲಿನ ಡಾಕ್ಟರು, ನಾಜಿಗಳು ಕೊಂದ ಯಹೂದಿಗಳ ಸ್ಮರಣೆ ಸಮಿತಿಗೆ ಅಧ್ಯಕ್ಷ. ಹುಟ್ಟಿದ್ದು ಇಲ್ಲೇ, ಯುದ್ಧ ಮುಗಿದ ಮೇಲೆ. ಕೆಟ್ಟವನಲ್ಲ, ಆದರೆ ಯಾರ ದುಃಖ ಹೇಗಿರಬೇಕು ಎಂಬುದು ಅವನಿಗೆ ಮೊದಲೇ ಗೊತ್ತಿರುತ್ತಿತ್ತು. ಏಪ್ರಿಲ್‌ನ ಸ್ಮರಣೆಯ ಸಂಜೆಗೆ, ಬದುಕಿ ಬಂದವರೇ ಬರೆದ ಒಂದು ಚಿತ್ರ ಭವನದ ದೊಡ್ಡ ಗೋಡೆಯ ಮೇಲೆ ಇರಬೇಕು, ಅದು ಅಲ್ಲೇ ಶಾಶ್ವತವಾಗಿ ಉಳಿಯುತ್ತದೆ ಎಂದ.

"ನಿಮ್ಮ ತಂಗೀದು ಬರೀರಿ. ಎರಡು ಜಡೆ, ದೊಡ್ಡ ಕಣ್ಣು. ಮೊಳೆ ಆಗಲೇ ಹೊಡೆಸಿದ್ದೀನಿ."

ತಂಗಿ ತೈಬೆಯದು ಎಂದು ಈ ಭೂಮಿಯ ಮೇಲೆ ಏನೂ ಇರಲಿಲ್ಲ. ಗೋರಿ ಇಲ್ಲ, ಒಂದು ಫೋಟೋ ಇಲ್ಲ, ಅವಳನ್ನು ನೋಡಿದ್ದೇನೆ ಎನ್ನುವ ಇನ್ನೊಂದು ಜೀವ ಇಲ್ಲ. ಹೆನಿಯಾ ಕಣ್ಣು ಮುಚ್ಚಿದ ದಿನ ತೈಬೆ ಎರಡನೇ ಸಲ ಸಾಯುವವಳು. ಗೋಡೆಯ ಮೇಲೆ ಒಂದು ಮೊಳೆ ಸಿಕ್ಕರೆ ಅಷ್ಟಾದರೂ ಉಳಿದೀತು. ಬರೆಯುತ್ತೇನೆ ಎಂದಳು.

ಬರೆದಳು, ಅಳಿಸಿದಳು, ಮತ್ತೆ ಬರೆದಳು. ಮುಖ ನೆನಪಾಗದೆ ಅಲ್ಲ, ನೆನಪಾಗುತ್ತಿತ್ತು, ಅದೇ ಕಷ್ಟ. ಪ್ರತಿ ಸಲವೂ ಅದೇ ನೋಟ. ರೈಲು ನಿಂತಿದ್ದ ಬಯಲಿನಲ್ಲಿ ಹೆನಿಯಾಳನ್ನು ಕೆಲಸಕ್ಕಾಗುವವರ ಸಾಲಿಗೆ ತಳ್ಳಿ, ಅಮ್ಮನನ್ನೂ ಹನ್ನೆರಡರ ತೈಬೆಯನ್ನೂ ಕೊಲ್ಲಲು ಒಯ್ಯುವ ಇನ್ನೊಂದು ಸಾಲಿಗೆ ತಳ್ಳಿದಾಗ ಆ ಹುಡುಗಿ ತಿರುಗಿ ನೋಡಿದ ನೋಟ. ಹೆನಿಯಾಗೆ ಅಳು ಬರಲಿಲ್ಲ, ಕೋಪ ಬಂತು. ಅವರು ಅವಳನ್ನು ಎಲ್ಲಿ ನಿಲ್ಲಿಸಿದರೋ ನಾನೂ ಅಲ್ಲೇ ನಿಲ್ಲಿಸಿದ್ದೇನಲ್ಲ ಎಂಬ ಕೋಪ.

ಆಗ ನೆನಪಾದದ್ದು ಕೋಟು. ಆ ದಿನ ತೈಬೆ ತೊಟ್ಟಿದ್ದ ಕೋಟನ್ನು ಅಪ್ಪನ ಹಳೆಯ ಕೋಟು ಬಿಚ್ಚಿ ಹೆನಿಯಾಳೇ ಹೊಲಿದಿದ್ದಳು. ಬೆಳೆಯುವ ಮಕ್ಕಳ ಬಟ್ಟೆಗೆ ಅಂಚಿನಲ್ಲಿ ಒಂದಿಷ್ಟು ಬಟ್ಟೆ ಮಡಿಸಿ ಬಿಡುವುದು ದರ್ಜಿಗಳ ರೂಢಿ. ಮಗು ಎತ್ತರವಾದ ಹಾಗೆ ಹೊಲಿಗೆ ಬಿಚ್ಚಿ ಇಳಿಸಬೇಕು. ಹೆನಿಯಾ ನಾಲ್ಕು ಬೆರಳಿನಷ್ಟು ಬಿಟ್ಟಿದ್ದಳು.

"ಇಷ್ಟೊಂದಾ? ನಾನೇನು ದೀಪದ ಕಂಬ ಆಗ್ತೀನಾ?" ಎಂದು ತೈಬೆ ನಕ್ಕಿದ್ದಳು.

"ಮದುವೆವರೆಗೂ ಬರ್ಲಿ, ಸುಮ್ನೆ ನಿಂತ್ಕೊಳ್ಳೇ."

ಆ ನಾಲ್ಕು ಬೆರಳನ್ನು ಬಿಚ್ಚುವ ದಿನ ಬರಲೇ ಇಲ್ಲ. ಹೆನಿಯಾ ಹೊಸ ಕ್ಯಾನ್ವಾಸು ಎಳೆದುಕೊಂಡಳು. ಹುಟ್ಟಿದ ವರ್ಷದಿಂದ ಲೆಕ್ಕ ಹಾಕಿದಳು. ತೈಬೆಗೆ ಈಗ ಅರವತ್ತೊಂಬತ್ತು. ಕುಂಚದಲ್ಲೇ ಬಿಚ್ಚಿದಳು ಆ ಹೊಲಿಗೆಯನ್ನು. ಜಡೆಯ ಜಾಗದಲ್ಲಿ ಬಣ್ಣ ಹಾಕಿಸಿ ಬುಡದಲ್ಲಿ ನರೆ ಇಣುಕುವ ಕೂದಲು ಬಂತು. ಹೊಟ್ಟೆಯ ಮೇಲೆ ಬಿಗಿದ, ತೋಳಿಲ್ಲದ ಹೂವಿನ ಫ್ರಾಕು, ಅಮ್ಮನದೇ ದುಂಡು ಗಲ್ಲ, ಬಿಸಿನೀರಿನ ಬೋಗುಣಿಯಲ್ಲಿ ಅದ್ದಿದ ಊದಿದ ಕಾಲು, ಒಂದು ಕೈಯಲ್ಲಿ ರೈ ಬ್ರೆಡ್ಡಿನ ಮೇಲೆ ಉಪ್ಪುಮೀನು. ಬಾಯಿ ತುಂಬ ನಗು, ಆ ನಗುವಿನ ಮೂಲೆಯಲ್ಲಿ ಒಂದು ಚಿನ್ನದ ಹಲ್ಲು. ಬರೆಯುತ್ತಾ ಹೆನಿಯಾ ಅವಳ ಜೊತೆ ಜಗಳವನ್ನೂ ಆಡಿದಳು, ಇಷ್ಟು ಉಪ್ಪು ತಿಂದರೆ ಕಾಲು ಊದದೆ ಇನ್ನೇನಾಗುತ್ತೆ ಎಂದು.

ಲಿಯೋನ್ ಚಿತ್ರ ನೋಡಲು ಬಂದ. ಬಾಗಿಲಲ್ಲೇ, ಹಿರಿಯರಿಗೆ ಎಲ್ಲರೂ ಹೇಳುವ ಹಾಗೆ, "ನೂರಿಪ್ಪತ್ತು ವರ್ಷ ಬಾಳಿ, ಹೆನಿಯಾ" ಎಂದ.

"ಬರೀ ನನಗೇ ಯಾಕೆ? ಒಳಗಿರೋಳಿಗೂ ಹೇಳು."

ಅವನು ಚಿತ್ರದ ಮುಂದೆ ನಿಂತು ಬೆಪ್ಪಾದ. "ಯಾರಿದು?"

"ನನ್ನ ತಂಗಿ. ಹಲ್ಲು ನಿನ್ನ ಕಸುಬು, ಸರಿಯಾಗಿ ಕೂತಿದೆಯಾ ನೋಡಿ ಹೇಳು."

"ಹೆನಿಯಾ, ನಿಮ್ಮ ತಂಗಿ ಹನ್ನೆರಡಕ್ಕೇ..."

"ಅದು ಅವರ ಲೆಕ್ಕ."

ಲಿಯೋನ್ ಕುರ್ಚಿ ಎಳೆದುಕೊಂಡು ಕೂತ. ಮಾತಾಡಿದ್ದು ಮೆಲ್ಲಗೇ, ಮತ್ತು ಹೇಳಿದ್ದರಲ್ಲಿ ಹುರುಳಿತ್ತು. "ಇದೆಲ್ಲಾ ನಡೆದೇ ಇಲ್ಲ ಅಂತ ಬೊಗಳೋರು ಇದ್ದಾರೆ, ನಿಮಗೂ ಗೊತ್ತು. ಅವರ ಕೈಗೆ ಇದು ಸಿಕ್ಕಿದ್ರೆ? ನೋಡಿ, ಸತ್ತಳು ಅಂದೋಳು ಮೀನು ತಿಂತಾ ಕೂತಿದ್ದಾಳೆ ಅಂತಾರೆ."

ಹೆನಿಯಾ ಚಿತ್ರದ ಪಕ್ಕಕ್ಕೆ ಹೋಗಿ ನಿಂತಳು.

"ಜಡೆ ಹಾಕಿದ ಮಗೂನ ನೋಡಿ ಜನ ಕಣ್ಣೊರೆಸಿಕೊಂಡು ಮನೆಗೆ ಹೋಗ್ತಾರೆ ಲಿಯೋನ್. ಕೊಂದದ್ದು ಎರಡು ಜಡೆ ಅಂದ್ಕೋತಾರೆ. ಏನೇನು ಕೊಂದ್ರು ಗೊತ್ತಾ? ಈ ಹೊಟ್ಟೇನ ಕೊಂದ್ರು. ಈ ಊದಿದ ಕಾಲನ್ನ ಕೊಂದ್ರು. ಇವಳ ಗಂಡನ್ನ ನಾನು ಬೈಕೊಂಡು ತಿರುಗೋದಿತ್ತಲ್ಲ, ಅದನ್ನ ಕೊಂದ್ರು. ನಾವಿಬ್ಬರೂ ಸೇರಿ ಆಡಬೇಕಾಗಿದ್ದ ಅಷ್ಟೂ ವರ್ಷದ ಜಗಳ ಕೊಂದ್ರು. ತಂಗೀನ ಬರೀರಿ ಅಂದೆಯಲ್ಲ, ಕಳಕೊಂಡದ್ದನ್ನೆಲ್ಲಾ ಬರೆದಿದ್ದೀನಿ."

"ಸಮಿತಿ ಒಪ್ಪಲ್ಲ. ಮಗುವಿನ ಚಿತ್ರ ಕೊಟ್ಟರೆ ಹಾಕ್ತಾರೆ, ಇಲ್ದಿದ್ರೆ ಇಲ್ಲ."

"ಹಾಗಾದ್ರೆ ಮೊಳೆ ಖಾಲಿ ಇರ್ಲಿ" ಎಂದು ಹೆನಿಯಾ ಕಡ್ಡಿ ಮುರಿದ ಹಾಗೆ ಹೇಳಿದಳು.

ಲಿಯೋನನ ಮಾತಿಗಿಂತ ಹೆಚ್ಚು ಚುಚ್ಚಿದ್ದು ಸಾಬಿನಾಳ ಮಾತು. ಮಂಗಳವಾರ ಎಂದಿನಂತೆ ರಮ್ಮಿಗೆ ಬಂದವಳು, ಸಕ್ಕರೆ ಗಟ್ಟಿಯನ್ನು ಹಲ್ಲಲ್ಲಿ ಕಚ್ಚಿ ಚಹಾ ಹೀರುತ್ತಿದ್ದವಳು, ಗೋಡೆಗೆ ಒರಗಿಸಿದ್ದ ಚಿತ್ರ ನೋಡಿದಳು. ವಿಷಯ ತಿಳಿದದ್ದೇ ಎಲೆಗಳನ್ನು ಮೇಜಿನ ಮೇಲೆ ಎಸೆದಳು.

"ಸತ್ತೋರನ್ನ ಗೊಂಬೆ ಮಾಡ್ಕೊಂಡು ಆಡ್ತೀಯೇನೇ? ಫ್ರಾಕು ತೊಡಿಸ್ತೀಯಾ? ಮೀನು ತಿನ್ನಿಸ್ತೀಯಾ?"

"ಸಾಬಿನಾ, ಕೂತ್ಕೋ. ಕೇಳು ಇಲ್ಲಿ..."

"ನಿನಗೆ ಹೋದದ್ದು ತಂಗಿ ಕಣೇ. ಹೆತ್ತಿದ್ದರೆ ಗೊತ್ತಾಗ್ತಿತ್ತು."

ಚಹಾ ಅರ್ಧಕ್ಕೇ ಬಿಟ್ಟು ಹೊರಟುಹೋದಳು. ತನ್ನ ಹಾಗೇ ಶಿಬಿರದಿಂದ ಬದುಕಿ ಬಂದ ಸಾಬಿನಾಗೆ ಆ ಕಾಲದಲ್ಲಿ ಒಬ್ಬ ಗಂಡುಮಗನಿದ್ದ ಎಂಬುದಷ್ಟೇ ಹೆನಿಯಾಗೆ ಗೊತ್ತಿತ್ತು. ಅಷ್ಟು ವರ್ಷ ಒಟ್ಟಿಗೆ ಎಲೆ ಹಾಕಿದರೂ ಆ ಮಗುವಿನ ಹೆಸರು ಅವಳ ಬಾಯಿಂದ ಬಂದಿರಲಿಲ್ಲ. ಮರುವಾರ ಸಾಬಿನಾ ಬರಲಿಲ್ಲ, ಅದರ ಮರುವಾರವೂ ಇಲ್ಲ. ಹೆನಿಯಾಗೆ ತಲೆ ಕೆಟ್ಟಿದೆ ಎಂದು ಬೇಕರಿಯ ಸಾಲಿನಲ್ಲಿ ಮಾತು ಹಬ್ಬಿತು. ಒಂದು ಮಧ್ಯಾಹ್ನ ಹೆನಿಯಾ ಸೋತೇ ಹೋದಳು. ಜಡೆ ಬರೆದುಕೊಟ್ಟರೆ ಗೋಡೆ ಸಿಗುತ್ತದೆ, ಗೆಳತಿಯೂ ಸಿಗುತ್ತಾಳೆ ಎಂದುಕೊಂಡು ಕುಂಚವನ್ನು ಕಪ್ಪು ಬಣ್ಣದಲ್ಲಿ ಅದ್ದಿದಳು. ತೈಬೆ ಚಿನ್ನದ ಹಲ್ಲು ಬಿಟ್ಟು ನಗುತ್ತಲೇ ಇದ್ದಳು. ಅದೇ ಬಣ್ಣದಲ್ಲಿ ಅವಳ ಹುಬ್ಬು ತೀಡಿ, ಕುಂಚ ತೊಳೆದಿಟ್ಟಳು.

ಸ್ಮರಣೆಯ ಸಂಜೆ ಹೆನಿಯಾ ಟ್ಯಾಕ್ಸಿಯಲ್ಲಿ ಬಂದಳು, ಹಾಸಿಗೆಯ ಚಾದರದಲ್ಲಿ ಸುತ್ತಿದ ತಂಗಿಯ ಜೊತೆ. ಪ್ರತಿ ವರ್ಷದಂತೆ ಬದುಕಿ ಬಂದವರಲ್ಲಿ ಆರು ಜನ ಆರು ಮೇಣದ ಬತ್ತಿ ಹಚ್ಚಬೇಕು. ಅವರಿಗೆ ಮುಂದಿನ ಸಾಲು. ಹೆನಿಯಾಳದು ಮೂರನೇ ಬತ್ತಿ, ಸಾಬಿನಾಳದು ನಾಲ್ಕನೆಯದು, ಹಾಗಾಗಿ ಕುರ್ಚಿಗಳೂ ಅಕ್ಕಪಕ್ಕ. ಸಾಬಿನಾ ಮುಖ ತಿರುಗಿಸಿ ಕೂತಳು. ಹೆನಿಯಾ ಚಾದರ ಬಿಚ್ಚಿ ಚಿತ್ರವನ್ನು ತೊಡೆಯ ಮೇಲೆ ವೇದಿಕೆಗೆ ಎದುರಾಗಿ ನಿಲ್ಲಿಸಿಕೊಂಡಳು. ಪಾಪ, ಲಿಯೋನ್ ಆ ಮೀನು ತಿನ್ನುವ ಹೆಂಗಸಿನ ಮುಖ ನೋಡಿಕೊಂಡೇ ಇಡೀ ಭಾಷಣ ಮಾಡಬೇಕಾಯಿತು. ಅವನ ಹಿಂದಿನ ಗೋಡೆಯಲ್ಲಿ ಮೊಳೆ ಖಾಲಿ ಇತ್ತು.

ಹೆನಿಯಾಳ ಹೆಸರು ಕರೆದರು. ಎದ್ದು ನಿಂತಳು. ಮೆಟ್ಟಿಲು ಹತ್ತಲು ಒಂದು ಕೈ ಕೋಲಿಗೆ ಬೇಕು, ಬತ್ತಿಗೆ ಇನ್ನೊಂದು. ಚಿತ್ರವನ್ನು ನೆಲದ ಮೇಲಿಡಲು ಬಗ್ಗಿದಾಗ ಪಕ್ಕದಿಂದ ಒಂದು ಕೈ ಬಂತು.

"ಕೊಡು ಇಲ್ಲಿ" ಎಂದಳು ಸಾಬಿನಾ, ಇನ್ನೂ ಮುಖ ಗಂಟಿಕ್ಕಿಕೊಂಡೇ. "ನೆಲ ತಣ್ಣಗಿದೆ. ಒದ್ದೆ ಕಾಲು, ಶೀತ ಆಗುತ್ತೆ."

ಸತ್ತವರ ಹೆಸರು, ಸತ್ತಾಗಿನ ವಯಸ್ಸು ಹೇಳಿ ಬತ್ತಿ ಹಚ್ಚುವುದು ವಾಡಿಕೆ. ಹೆನಿಯಾ ಬತ್ತಿ ಹಚ್ಚಿ ಮೈಕಿಗೆ ಬಾಯಿ ಕೊಟ್ಟಳು. "ನನ್ನ ತಂಗಿ ತೈಬೆ. ಅರವತ್ತೊಂಬತ್ತು." ಸಭೆಯಲ್ಲಿ ಗುಸುಗುಸು ಎದ್ದಿತು. ಅವಳು ಯಾರ ಕಡೆಗೂ ನೋಡದೆ, ತಲೆಯೆತ್ತಿಕೊಂಡು ಇಳಿದು ಬಂದಳು.

ಸಾಬಿನಾಳ ಸರದಿ. ಅವಳು ಪ್ರತಿ ವರ್ಷವೂ "ನನ್ನವರಿಗೆ" ಎಂದಷ್ಟೇ ಹೇಳಿ ಇಳಿಯುವವಳು. ಈ ಸಲ ಚಿತ್ರವನ್ನು ಹೆನಿಯಾಳ ಕೈಗೆ ಕೊಡಲು ತಡ ಮಾಡಿದಳು. ತೈಬೆಯ ಹೊಟ್ಟೆ, ಗಲ್ಲ, ಬಾಯಿ ಎಲ್ಲವನ್ನೂ ಮತ್ತೊಮ್ಮೆ ನೋಡಿದಳು. ಮೇಲೆ ಹೋಗಿ ಬತ್ತಿ ಹಚ್ಚಿ, ಅಲ್ಲೇ ನಿಂತಳು.

"ಯೂಜಿಕ್" ಎಂದಳು. ಆ ಹೆಸರನ್ನು ಆ ಭವನದಲ್ಲಿ ಯಾರೂ ಕೇಳಿರಲಿಲ್ಲ. "ನನ್ನ ಮಗ. ಮೂರು ವರ್ಷಕ್ಕೆ ಕಿತ್ಕೊಂಡ್ರು." ಉಸಿರು ಎಳೆದುಕೊಂಡಳು. ಆಮೇಲೆ ಎಲೆ ಕದ್ದು ಸಿಕ್ಕಿಬಿದ್ದಾಗ ದಬಾಯಿಸುತ್ತಿದ್ದಳಲ್ಲ, ಅದೇ ದನಿಯಲ್ಲಿ ಹೇಳಿದಳು. "ಅವನಿಗೆ ಈಗ ಅರವತ್ತು. ತಲೆ ಬೋಳು, ಅವರಪ್ಪನ ಹಾಗೆ."

ಮಾರನೆಯ ಬೆಳಿಗ್ಗೆ ಲಿಯೋನ್ ಫೋನು ಮಾಡಿದ. ಸಮಿತಿಯವರ ಜೊತೆ ಮಾತಾಡಿದ್ದೇನೆ, ಚಿತ್ರ ತನ್ನಿ, ಮೊಳೆ ಹಾಗೇ ಇದೆ ಎಂದ.

"ಒಂದು ಮೊಳೆ ಸಾಲಲ್ಲ" ಎಂದಳು ಹೆನಿಯಾ. "ಸುತ್ತಿಗೆ ಹತ್ತಿರದಲ್ಲೇ ಇಟ್ಕೊಂಡಿರು."

ಹೊಸ ಕ್ಯಾನ್ವಾಸಿನ ಮುಂದೆ ಆಗಲೇ ಸಾಬಿನಾ ಕುರ್ಚಿ ಹಾಕಿಕೊಂಡು ಕೂತಿದ್ದಳು. ಸಕ್ಕರೆ ಗಟ್ಟಿ ಹಲ್ಲಲ್ಲಿತ್ತು, ಕಣ್ಣು ಒದ್ದೆಯಾಗಿತ್ತು, ಬಾಯಿಗೆ ಮಾತ್ರ ಬಿಡುವಿರಲಿಲ್ಲ. ಬೋಳುತಲೆ ಇನ್ನೂ ಸ್ವಲ್ಪ ಮಿಂಚಲಿ, ಹಲ್ಲು ನನ್ನವು, ಗಟ್ಟಿ ಹಲ್ಲು, ಕಿವಿ ಅಷ್ಟು ದೊಡ್ಡದು ಬೇಡ ಎಂದು ಒಂದೇ ಸಮನೆ ಹೇಳುತ್ತಿದ್ದಳು. ಹೆನಿಯಾ ಗೊಣಗುತ್ತಲೇ ತಿದ್ದುತ್ತಿದ್ದಳು. ಅಂಗಿಯ ಗುಂಡಿಯವರೆಗೆ ಬಂದಾಗ ಸಾಬಿನಾ ಅವಳ ಕೈ ಹಿಡಿದು ನಿಲ್ಲಿಸಿದಳು.

"ಹೊಟ್ಟೆ ಇನ್ನೂ ಸ್ವಲ್ಪ ಬಿಡೇ. ಅರವತ್ತು ವರ್ಷ ನನ್ನ ಕೈ ಅಡುಗೆ ಉಂಡವನು ಇಷ್ಟು ಸಣ್ಣ ಇರ್ತಾನಾ?"